ಫೋರ್ಟ್ ಲೀಯಲ್ಲಿ ಹುಡುಗನ ವಿಚಾರಣೆ

“ತಲೆ ಎತ್ತಬೇಡ. ಬಂದ,” ಎಂದು ಪಿಸುಗುಟ್ಟಿದರು ರಮಾಮಣಿ.

ಶೈಲಜಾ ಎತ್ತಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಕೌಂಟರಿಗೆ ಬೆನ್ನು ಮಾಡಿ, ಕಾಫಿ ಲೋಟದೊಳಗೆ ಮುಖ ಹುದುಗಿಸಿ ಕೂತಿದ್ದಳು.

ಅಮೆರಿಕದ ನ್ಯೂಜೆರ್ಸಿಯಲ್ಲಿ, ಫೋರ್ಟ್ ಲೀ ಎಂಬ ಊರಿನ ಚೀಸ್‌ಸ್ಟೇಕ್ ಅಂಗಡಿ. ಶನಿವಾರ ಮಧ್ಯಾಹ್ನ. ದೊಡ್ಡ ಕಾವಲಿಯ ಮೇಲೆ ತೆಳ್ಳಗೆ ಸೀಳಿದ ದನದ ಮಾಂಸ ಚುರುಗುಟ್ಟುತ್ತಿತ್ತು. ಅದಕ್ಕೆ ಈರುಳ್ಳಿ, ಕರಗಿದ ಚೀಸು ಸೇರಿಸಿ ಉದ್ದನೆಯ ಬ್ರೆಡ್ಡಿನೊಳಗೆ ತುರುಕಿ ಕೊಟ್ಟರೆ ಜನ ನಿಂತಲ್ಲೇ ತಿನ್ನುತ್ತಿದ್ದರು. ರಮಾಮಣಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಕಣ್ಣು ಮಾತ್ರ ಮುಚ್ಚಿರಲಿಲ್ಲ. ವಿಚಾರಣೆಗೆ ಬಂದವರು ಕಣ್ಣು ಮುಚ್ಚಿಕೊಂಡರೆ ಆಗುತ್ತದೆಯೆ?

ಅದು 1974ರ ಮಾತು. ಮೈಸೂರಿನಲ್ಲಾದರೆ ಹೆಣ್ಣು ಕೊಡುವ ಮೊದಲು ಹುಡುಗನ ಆಫೀಸು, ಅವನ ಬೀದಿ, ಅವನು ಕಾಫಿ ಕುಡಿಯುವ ಹೋಟೆಲು, ಎಲ್ಲ ಕಡೆ ಗುಟ್ಟಾಗಿ ವಿಚಾರಿಸಿಬಿಡಬಹುದಿತ್ತು. ಹುಡುಗ ನ್ಯೂಜೆರ್ಸಿಯಲ್ಲಿದ್ದರೆ? ಅದಕ್ಕೆ ಅಲ್ಲೇ ಓಲ್ಡ್ ಬ್ರಿಡ್ಜ್‌ನಲ್ಲಿ ನೆಲೆಸಿದ್ದ ರಮಾಮಣಿ ಇದ್ದರು. ಊರವರ ಮಕ್ಕಳಿಗೆಲ್ಲ ಆಂಟಿ. ಅವರು ಹೂಂ ಅಂದರೆ ಮೈಸೂರಿನಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತಿತ್ತು. ಊಹೂಂ ಅಂದರೆ ಬ್ರಹ್ಮ ಬಂದರೂ ಆ ಮದುವೆ ನಡೆಯುತ್ತಿರಲಿಲ್ಲ.

ಈ ಸಲದ ಹುಡುಗಿ ಶೈಲಜಾಳೇ. ಇಲ್ಲೇ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದವಳು, ದಿವಾಕರನೆಂಬ ಇಂಜಿನಿಯರನ ಫೋಟೋ ಬಂದಾಗ “ಪರವಾಗಿಲ್ಲ” ಎಂದಿದ್ದಳು. ಆ ಒಂದು ಪರವಾಗಿಲ್ಲಕ್ಕೆ ಮನೆಯವರು ಕುಣಿದಾಡಿಬಿಟ್ಟಿದ್ದರು. ಅಷ್ಟರಲ್ಲಿ ಯಾರೋ ಕಡ್ಡಿ ಆಡಿಸಿದರು. ಹುಡುಗ ಶನಿವಾರ ತಪ್ಪದೆ ಈ ದನದ ಮಾಂಸದ ಅಂಗಡಿಯಲ್ಲಿ ಇರುತ್ತಾನಂತೆ!

ರಮಾಮಣಿ ಬೆಳಿಗ್ಗೆ ಹೇಳದೆ ಕೇಳದೆ ಬಂದಿಳಿದು, “ಕಾರು ತೆಗಿ, ನಡಿ,” ಎಂದಿದ್ದರು. ತಲೆನೋವು, ಡ್ಯೂಟಿ, ಕಾರಿನ ಬ್ರೇಕು, ಶೈಲಜಾ ಹೇಳಿದ ಯಾವ ನೆಪವೂ ನಡೆಯಲಿಲ್ಲ.

“ಎರಡೇ ವಿಷಯ ಕಣೇ,” ಎಂದಿದ್ದರು ದಾರಿಯಲ್ಲಿ. “ಮಾಂಸ ತಿನ್ನಬಾರದು. ಲವ್ವು ಗಿವ್ವು ಇರಬಾರದು. ನಿಮ್ಮಪ್ಪ ಕಡ್ಡಿ ಮುರಿದ ಹಾಗೆ ಹೇಳಿದಾರೆ. ಎರಡರಲ್ಲಿ ಒಂದಿದ್ರೂ ಸಂಬಂಧ ಕ್ಯಾನ್ಸಲ್.”

ಆಗಿನಿಂದ ಶೈಲಜಾಳ ಜೀವ ಬಾಯಿಗೆ ಬಂದಿತ್ತು. ಈ ಸಂಬಂಧ ತಪ್ಪಿದರೆ ಇನ್ಯಾರನ್ನೂ ಮದುವೆಯಾಗುವವಳಲ್ಲ ಅವಳು. ಫೋಟೋ ನೋಡಿಯೇ ಮನಸ್ಸು ಕೊಟ್ಟವರು ಹಿಂದೆಯೂ ಇದ್ದರು, ಬಿಡಿ.

ಬಾಗಿಲಲ್ಲಿ ನಿಂತ ದಿವಾಕರ ಒಳಗೆಲ್ಲ ಕಣ್ಣಾಡಿಸಿದ. ನಮ್ಮ ಕಡೆಯ ಸೀರೆ ಕಂಡಿದ್ದಕ್ಕೋ ಏನೋ, ಮುಖ ಊರಗಲವಾಯಿತು. ನೇರ ಇವರ ಮೇಜಿನತ್ತಲೇ ಹೊರಟ. ಶೈಲಜಾಗೆ ಕಾಫಿ ನೆತ್ತಿಗೇರಿತು. ಕೆಮ್ಮಿದಳು, ಇನ್ನೂ ಜೋರಾಗಿ ಕೆಮ್ಮಿದಳು. ಅವನು ಗಕ್ಕನೆ ನಿಂತು ಕೌಂಟರ್ ಕಡೆ ತಿರುಗಿಬಿಟ್ಟ.

“ಪಾಪ, ಹೆಂಗಸರನ್ನ ಕಂಡ್ರೆ ಸಂಕೋಚ,” ಎಂದರು ರಮಾಮಣಿ ಮೆಚ್ಚಿಕೊಂಡು.

ಅಂಗಡಿಯ ಯಜಮಾನ ಕಾರ್ಮೈನ್ ಗಿರಾಕಿಗಳಿಗೆ ಬೆನ್ನು ಹಾಕಿ ಕಾವಲಿ ಕೆರೆಯುತ್ತಿದ್ದ. ದಿವಾಕರ ಏನೋ ಹೇಳಿದ. ಕಾರ್ಮೈನ್ ಗೋಡೆಯ ಮೊಳೆಯಿಂದ ಬೇರೊಂದು ಬಾಣಲೆ ಇಳಿಸಿ ಈರುಳ್ಳಿ, ದಪ್ಪ ಮೆಣಸಿನಕಾಯಿ ಬಾಡಿಸಿ ಚೀಸು ಹಾಕಿದ. ರಮಾಮಣಿ ಎದ್ದು ಹೋಗಿ ಇಣುಕಿಯೇ ಬಂದರು.

“ಮಾಂಸದ ಚೂರೂ ಇಲ್ಲ ಕಣೇ! ಬಾಣಲೆ ಕೂಡ ಬೇರೆ! ಇಂಥ ಹುಡುಗ ಮೈಸೂರಲ್ಲೇ ಸಿಗಲ್ಲ.”

“ಹಾಗಾದ್ರೆ ಹೋಗೋಣ ಆಂಟಿ. ಈಗಲೇ.”

“ಇರು. ಇನ್ನೊಂದು ವಿಷಯ ಬಾಕಿ ಇದೆ. ನೀನೂ ಬಾ, ನನ್ನ ಇಂಗ್ಲಿಷು ಅವನಿಗೆ ಅರ್ಥ ಆಗದಿದ್ರೆ ಬಿಡಿಸಿ ಹೇಳು.”

ಬೇಡ ಬೇಡ ಎಂದರೂ ಬಿಡದೆ ಕೈ ಹಿಡಿದು ಎಳೆದುಕೊಂಡೇ ಹೋದರು. ದಿವಾಕರ ತುತ್ತು ಬಾಯಲ್ಲಿಟ್ಟುಕೊಂಡು ಕಲ್ಲಿನಂತೆ ನಿಂತ. ರಮಾಮಣಿ ಕಾರ್ಮೈನನ ಬೆನ್ನಿಗೆ ಇಂಗ್ಲಿಷಿನಲ್ಲಿ ಕೇಳಿದರು: “ಈ ಹುಡುಗ ಇಲ್ಲಿಗೆ ಯಾವಾಗಲೂ ಒಬ್ಬನೇ ಬರುತ್ತಾನೋ?”

“ಒಬ್ಬನೇ?” ಕಾರ್ಮೈನ್ ತಿರುಗದೆಯೇ ನಕ್ಕ. “ಪ್ರತಿ ಶನಿವಾರ ಒಂದು ಹುಡುಗಿ ಇರುತ್ತಾಳೆ. ಇಬ್ಬರಿಗೂ ಒಂದೇ ಸ್ಯಾಂಡ್‌ವಿಚ್ಚು, ಸಂಜೆಯವರೆಗೂ ಹರಟೆ. ಮದುವೆ ಮಾಡಿಕೊಳ್ಳಿ ಅಂತ ಹೇಳಿ ಹೇಳಿ ನನಗೇ ಸಾಕಾಯಿತು.”

ರಮಾಮಣಿಯವರ ಮುಖ ಕೆಂಪಾಯಿತು. ಇಂಗ್ಲಿಷು ಹಾರಿಹೋಯಿತು.

“ಏನಪ್ಪಾ ದಿವಾಕರ, ನಿಜವೇನೋ?”

ತನ್ನ ಹೆಸರು ಇವರಿಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ತುತ್ತು ನುಂಗಿಕೊಂಡ. “ನಿಜ ಆಂಟಿ. ಅವಳನ್ನ ಬಿಟ್ಟು ಬೇರೆ ಯಾರನ್ನೂ ಮದುವೆ ಆಗಲ್ಲ.”

“ಮತ್ತೆ ನಮ್ಮ ಹುಡುಗಿಗೆ ಯಾಕೋ ಫೋಟೋ ಕಳಿಸಿದೆ?”

“ಅದು ಏನಾಯ್ತು ಅಂದ್ರೆ...”

“ಬಾಯಿ ಮುಚ್ಚು! ಶನಿವಾರ ಶನಿವಾರ ಒಬ್ಬಳ ಜೊತೆ ಎಂಜಲು ಹಂಚ್ಕೊಂಡು ತಿಂದು ಇನ್ನೊಬ್ಬಳಿಗೆ ತಾಳಿ ಕಟ್ತೀಯಾ? ಆ ಹುಡುಗಿ ಗತಿ ಏನೋ? ಅವಳೂ ಒಂದು ಮನೆ ಹೆಣ್ಣುಮಗಳಲ್ವೇನೋ?” ರಮಾಮಣಿಯವರ ದನಿ ಗದ್ಗದವಾಯಿತು. ಇಡೀ ಅಂಗಡಿ ತಿನ್ನುವುದನ್ನು ಬಿಟ್ಟು ಇತ್ತ ನೋಡಿತು. “ಯಾವ ಜಾತಿಯವಳೋ, ಯಾವ ದೇಶದವಳೋ, ನನಗೆ ಬೇಕಾಗಿಲ್ಲ. ಅವಳನ್ನೇ ಕಟ್ಕೋ! ಅವಳಪ್ಪ ಒಪ್ಪದಿದ್ರೆ ನಾನು ಒಪ್ಪಿಸ್ತೀನಿ. ನಾನೇ ಮುಂದೆ ನಿಂತು ಧಾರೆ ಎರೆಸ್ತೀನಿ. ಇದು ರಮಾಮಣಿ ಮಾತು, ಎರಡಾಗಲ್ಲ!”

ಶೈಲಜಾ ತುಟಿ ಕಚ್ಚಿಕೊಂಡಿದ್ದಳು. ಅಳು ತಡೆಯುತ್ತಿದ್ದಾಳೆಂದುಕೊಂಡ ರಮಾಮಣಿ ಅವಳ ಕೈ ಇನ್ನಷ್ಟು ಬಿಗಿಯಾಗಿ ಹಿಡಿದು, ಕಾರ್ಮೈನನಿಗೆ ಮತ್ತೆ ಇಂಗ್ಲಿಷಿನಲ್ಲಿ ಗುಡುಗಿದರು: “ಎಲ್ಲಿ ಆ ಹುಡುಗಿ? ತೋರಿಸು!”

ಕಾರ್ಮೈನ್ ಕೊನೆಗೂ ಕಾವಲಿ ಬಿಟ್ಟು ಇತ್ತ ತಿರುಗಿದ.

“ನೀವು ಕೈ ಹಿಡಿದುಕೊಂಡಿದ್ದೀರಲ್ಲ ಮೇಡಂ, ಅವಳೇ.”