ಓವನ್ನಿನ ಹಿಂಬದಿ

ಕೊರಿಯರಿನಲ್ಲಿ ಬಂದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸೋಫಿಯಾ ಓವನ್ನಿನ ಪ್ಲಗ್ ಕಿತ್ತಳು. ಅದು ಕಾಯುವುದು ನಿಂತು ವಾರಗಳೇ ಆಗಿದ್ದವು. ಹಾಸನದ ಮೆಕ್ಯಾನಿಕ್ ಊರು ಹಾನುಬಾಳು ಎಂದು ಕೇಳಿದ ಕೂಡಲೇ, ಅಷ್ಟು ದೂರ ಬರಲಾಗದೆಂದು ಫೋನ್ ಇಟ್ಟಿದ್ದ. ಕೊನೆಗೆ ಅವಳೇ ಮೊಬೈಲಿನಲ್ಲಿ ವಿಡಿಯೊ ನೋಡಿ, ಮಾಡೆಲ್ ನಂಬರ್ ಹುಡುಕಿ, ಹೊಸ ಎಲಿಮೆಂಟನ್ನೂ ಅದರ ವೈರುಗಳನ್ನೂ ತರಿಸಿಕೊಂಡಿದ್ದಳು.

"ನಿಂಗ್ಯಾಕೆ ಈ ಉಸಾಬರಿ?" ಗಂಡ ಸ್ಟೀಫನ್ ಬಾಗಿಲಲ್ಲಿ ನಿಂತು ಕೇಳಿದ. ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಅವನು. ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿದವನು ಹೋಗದೆ ನಿಂತಿದ್ದ. "ಅದರ ಕತೆ ಮುಗೀತು ಮಾರಾಯ್ತಿ. ಗುಜರಿಗೆ ಹಾಕು ಅಂತ ನಾನು ಆವತ್ತೇ ಹೇಳಿದ್ನಲ್ಲ. ಕರೆಂಟ್ ಹೊಡೆದ್ರೆ?"

"ಪ್ಲಗ್ ಕಿತ್ತಿದೀನಿ. ಶನಿವಾರ ಮಾರನಹಳ್ಳಿ ಹೋಂಸ್ಟೇಗೆ ಕೇಕ್ ಹೋಗ್ಲೇಬೇಕು. ಈ ಸಲಾನೂ ಆಗಲ್ಲ ಅಂದ್ರೆ ಇನ್ಮೇಲೆ ಪೇಟೆ ಬೇಕರಿಗೇ ಹೇಳ್ತಾರಂತೆ."

"ಹೇಳ್ಕಳ್ಳಿ ಬಿಡು. ಮನೇಲಿ ಊಟಕ್ಕೇನು ಕಮ್ಮಿ ಆಗೈತೆ?"

ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಅವನು ಇನ್ನೊಂದು ಗಳಿಗೆ ನಿಂತು, ಹೊರಟುಹೋದ.

ಹಿಂಬದಿಯ ತಗಡಿನ ಸ್ಕ್ರೂಗಳು ಜಂಗು ಹಿಡಿದು ಕೂತಿರುತ್ತವೆ, ಎಣ್ಣೆ ಬಿಡಬೇಕಾದೀತು ಎಂದುಕೊಂಡಿದ್ದಳು. ಅವು ಸಲೀಸಾಗಿ ಬಿಚ್ಚಿಕೊಂಡವು. ತಗಡು ಸರಿಸಿ ಟಾರ್ಚ್ ಹಾಕಿ ನೋಡಿದರೆ ಎಲಿಮೆಂಟು ನೆಟ್ಟಗೇ ಇತ್ತು. ಅದಕ್ಕೆ ಹೋಗುವ ವೈರು ಮಾತ್ರ ಎರಡು ತುಂಡಾಗಿತ್ತು. ಸುಟ್ಟದ್ದಲ್ಲ, ಸವೆದದ್ದಲ್ಲ. ಕಟಿಂಗ್ ಪ್ಲೇಯರಿನಲ್ಲಿ ಒಂದೇ ಹಿಡಿತಕ್ಕೆ ಕತ್ತರಿಸಿದ ತಾಮ್ರ ಟಾರ್ಚಿನ ಬೆಳಕಿಗೆ ಫಳಫಳ ಹೊಳೆಯಿತು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ದಿನಗಳನ್ನು ಹಿಂದಕ್ಕೆ ಎಣಿಸಿದಳು. ತಂಗಿಯ ಮಗುವಿನ ನಾಮಕರಣಕ್ಕೆಂದು ಅವಳು ಮಂಗಳೂರಿಗೆ ಹೋಗಿ ಬಂದ ಮರುದಿನವೇ ಓವನ್ ಕೈಕೊಟ್ಟಿತ್ತು. ಅವಳಿಲ್ಲದಾಗ ಮನೆಯಲ್ಲಿದ್ದವನು ಸ್ಟೀಫನ್ ಒಬ್ಬನೇ. ಅವಳು ಹೊರಡುವ ಮೊದಲು, ಒಂದು ಸಂತೆಯ ದಿನ, ಗಂಡ ಹೆಂಡತಿ ಜೀಪು ಹತ್ತುವಾಗ ಡ್ರೈವರ್ ಅಣ್ಣಯ್ಯ, "ಒಸಿ ಸರ್ಕಳ್ರಪ್ಪ, ಕೇಕಮ್ಮನ ಯಜಮಾನ್ರು ಬಂದ್ರು!" ಎಂದು ಕೂಗಿದ್ದ. ಅಷ್ಟು ವರ್ಷ 'ರೈಟ್ರು' ಎಂದು ಎದ್ದು ಜಾಗ ಕೊಡುತ್ತಿದ್ದ ಜೀಪೆಲ್ಲ ನಕ್ಕಿತ್ತು. ಸೋಫಿಯಾಳೂ ನಕ್ಕಿದ್ದಳು. ಅವನು ಆ ರಾತ್ರಿ ಊಟ ಬೇಡವೆಂದು ಮಲಗಿದಾಗ, ಪಿತ್ತವಿರಬೇಕೆಂದು ಶುಂಠಿ ಕಷಾಯ ಕಾಸಿ ಕೊಟ್ಟಿದ್ದಳು.

ತುಂಡಾದ ವೈರು ಕಿತ್ತು ಹೊಸದನ್ನು ಹಾಕಿ ಸ್ಕ್ರೂ ಬಿಗಿದಳು. ಪ್ಲಗ್ ಹಾಕಿದಳು. ಎಲಿಮೆಂಟು ಮೆಲ್ಲಗೆ ಕೆಂಪಾಯಿತು. ತಾನೇ ರಿಪೇರಿ ಮಾಡಿ ಗೆದ್ದೆನೆಂದು ಕುಣಿಯಬೇಕೆಂದಿದ್ದವಳು ನೆಲದ ಮೇಲೆ ಕುಕ್ಕರಿಸಿ ಅದನ್ನೇ ನೋಡುತ್ತ ಕೂತಳು.

ಸಂಜೆ ಸ್ಟೀಫನ್ ಅಂಗಳಕ್ಕೆ ಬರುವಷ್ಟರಲ್ಲಿ ಮನೆ ತುಂಬ ಏಲಕ್ಕಿ ಬೆರೆತ ಕೇಕಿನ ಘಮ.

"ಯಾರ್ ಬಂದಿದ್ರು ರಿಪೇರಿಗೆ?"

"ಯಾರೂ ಇಲ್ಲ. ನಾನೇ ಮಾಡ್ದೆ."

"ಏನಾಗಿತ್ತು?"

"ವೈರ್ ತುಂಡಾಗಿತ್ತು."

ಅವಳು ಅವನ ಮುಖವನ್ನೇ ನೋಡಿದಳು. ತಪ್ಪಾಯಿತು ಎನ್ನುವುದೂ ಬೇಡ, ಹೌದು ನಾನೇ ಕತ್ತರಿಸಿದ್ದು, ಏನೀಗ ಎಂದು ರೇಗಿದ್ದರೂ ಸಾಕಿತ್ತು. ಕೂಗಾಡಿ, ಅತ್ತು, ಮುಗಿಸಿಬಿಡುತ್ತಿದ್ದಳು. ಸ್ಟೀಫನ್ ಬಗ್ಗಿ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯತೊಡಗಿದ.

"ಇಲಿ ಕಡಿದಿರ್ಬೇಕು ಕಣೆ. ನಮ್ ಸ್ಟೋರಲ್ಲೂ ಸಿಕ್ಕಾಪಟ್ಟೆ ಆಗ್ಬುಟ್ಟವೆ."

"ಇರ್ಬೇಕು," ಎಂದು ಅವಳು ಒಳಗೆ ಹೋದಳು.

ಶನಿವಾರ ಕೇಕು ಹೋಯಿತು. ಭಾನುವಾರದ ಪ್ರಾರ್ಥನೆಗೆ ಅವಳು ಒಬ್ಬಳೇ ಇಗರ್ಜಿಗೆ ಹೊರಟಳು. ಸ್ಟೀಫನ್ ಮಂಡಿ ನೋವೆಂದು ಜಗಲಿಯಲ್ಲೇ ಪೇಪರ್ ಹಿಡಿದು ಕೂತಿದ್ದ. ಫ್ಲಾಸ್ಕಿನಲ್ಲಿ ಟೀ ತುಂಬಿಸಿ, ತಿಂಡಿ ಮುಚ್ಚಿ, ಎರಡನ್ನೂ ಅವನ ಪಕ್ಕದಲ್ಲಿಟ್ಟು, ಅಡುಗೆಮನೆಯ ಬಾಗಿಲೆಳೆದು ಬೀಗ ಹಾಕಿದಳು. ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡು ಅವನ ಮುಂದೆಯೇ ಮೆಟ್ಟಿಲಿಳಿದಳು.

ಇಲಿಗೆ ಬೀಗ ಯಾಕೆ ಎಂದು ಅವನು ಕೇಳಲಿಲ್ಲ.