ಮುಚ್ಚಳ ಬೇರೆ, ಬಾಟಲಿ ಬೇರೆ

"ಮಾವ, ಇನ್ಮೇಲೆ ನೀವು ಇದನ್ನೆಲ್ಲ ಹೊತ್ಕೊಂಡು ಬರೋ ಕಷ್ಟ ಇಲ್ಲ. ಈ ವಾರದಿಂದ ನಿಮ್ಮ ಕಡೆ ಕಸದ ಗಾಡಿಯವರೂ ಗಾಜು ತಗೋತಾರಂತೆ," ಎಂದ ಅಳಿಯ, ಒಳ್ಳೆಯ ಸುದ್ದಿ ತಂದವನ ಹುರುಪಿನಲ್ಲಿ.

ಅಪ್ಪನ ಕೈ ಚೀಲದೊಳಗೇ ನಿಂತಿತು.

ದೊಡ್ಡ ರಸ್ತೆಯ ಆಚೆ ಒಂದು ಪುರಸಭೆ, ಈಚೆ ಇನ್ನೊಂದು. ಆಚೆ ತವರಿನ ಬೀದಿಯಲ್ಲಿ ಕಸದ ಗಾಡಿಯವರು ಹಾಲಿನ ಕವರು ಒಯ್ಯುತ್ತಿದ್ದರು, ಗಾಜು ಮುಟ್ಟುತ್ತಿರಲಿಲ್ಲ. ಈಚೆ ಮಗಳ ಬೀದಿಯಲ್ಲಿ ಗಾಜಿಗೆಂದೇ ಒಂದು ಡಬ್ಬ. ಅವಳ ಮದುವೆಯಾದಾಗಿನಿಂದ ಪ್ರತಿ ಭಾನುವಾರ ಟೈಲರ್ ಅಪ್ಪ ಬಾಟಲಿಗಳನ್ನು ತೊಳೆದು, ಒಂದಕ್ಕೊಂದು ತಾಗದಂತೆ ಬಟ್ಟೆ ಚೂರುಗಳಲ್ಲಿ ಸುತ್ತಿ ತರುತ್ತಿದ್ದರು. ನಿನ್ನನ್ನು ನೋಡಬೇಕು ಅನ್ನಿಸಿತು ಎಂದು ಹೇಳುವ ಜಾಯಮಾನ ಅವರದಲ್ಲ. ಬಂದು ಹೋಗಪ್ಪ ಎನ್ನಲು ಮಗಳಿಗೂ ಬಾಯಿ ಬಾರದು. ಅಡುಗೆಮನೆ ಕಟ್ಟೆಯ ಮೇಲೆ ಬಾಟಲಿ ಬಿಚ್ಚುತ್ತ ಇಬ್ಬರೂ ಮಾತಾಡುತ್ತಿದ್ದುದು ಒಂದೇ ವಿಷಯ.

"ರಟ್ಟಿನ ಡಬ್ಬ ಮಡಚಿ ಕೊಡ್ಬೇಕಾ ಇಲ್ಲಿ?"

"ಮಡಚದಿದ್ರೆ ಬೈತಾರೆ."

"ನಮ್ಮಲ್ಲಿ ಮಡಚಿದ್ರೆ ಬೈತಾರೆ, ಒಳಗೇನು ಬಚ್ಚಿಟ್ಟಿದ್ದೀರಿ ಅಂತ."

ಅಷ್ಟರಲ್ಲಿ ಎರಡು ಸಲ ಕಾಫಿಯಾಗಿರುತ್ತಿತ್ತು.

ಹೊಸ ನಿಯಮದ ಸುದ್ದಿ ಅವಳಿಗೆ ಮೊದಲೇ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

"ಹೌದಂತೆ, ನಾನೂ ಕೇಳ್ದೆ," ಎಂದರು ಅಪ್ಪ, ಬಟ್ಟೆ ಚೂರನ್ನು ನಾಲ್ಕು ಮಡಿಕೆ ಮಾಡುತ್ತ. "ರೂಢಿ ನೋಡು, ತಂದ್ಬಿಟ್ಟೆ. ಬರ್ಲಾ ಹಾಗಾದ್ರೆ?"

ಒಲೆಯ ಮೇಲೆ ಹಾಲು ಇನ್ನೂ ಕಾದಿರಲಿಲ್ಲ.

"ಮುಚ್ಚಳ?" ಎಂದಳು ಮಗಳು, ತನಗೇ ಗೊತ್ತಿಲ್ಲದಂತೆ. "ನಿಮ್ಮ ಕಡೆಯವರು ಬಾಟಲಿ ಮಾತ್ರ ತಗೊಳ್ಳೋದು ಅಪ್ಪ. ಮುಚ್ಚಳ ತಗೊಳ್ಳಲ್ಲ. ಅದನ್ನ ಇಲ್ಲಿಗೇ ತರ್ಬೇಕು." ಹೇಳಿದ ಸುಳ್ಳಿಗೆ ಅವಳ ಕಿವಿ ಬಿಸಿಯಾಯಿತು.

"ಯಾರೇ ಹೇಳಿದ್ದು?" ಎಂದ ಗಂಡ. "ನಾನು ಓದಿದ್ರಲ್ಲಿ..."

"ಕಾಫಿಪುಡಿ ತರ್ತೀರಾ ಸ್ವಲ್ಪ?"

"ಡಬ್ಬ ತುಂಬಾ ಇದೆಯಲ್ಲ."

"ಸಾಲಲ್ಲ ರೀ."

ಅವಳ ಮುಖ ನೋಡಿ ಅವನು ಚಪ್ಪಲಿ ಮೆಟ್ಟಿಕೊಂಡ. ಅಪ್ಪ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಂದೇ ಇದ್ರೂ ತರ್ಬೇಕಾ?"

"ಒಂದೇ ಇದ್ರೂ."

ಅಪ್ಪ ಮತ್ತೆ ಕುಳಿತರು.

ಮುಂದಿನ ಭಾನುವಾರ ಅವರ ಹೆಗಲಿಗೆ ಚೀಲವಿರಲಿಲ್ಲ. ಅಂಗಿಯ ಜೇಬಿನಿಂದ ನೀಲಿ ಬಟ್ಟೆಯ ಪುಟ್ಟ ಗಂಟು ತೆಗೆದು ಬಿಚ್ಚಿದರು. ತೊಳೆದು ಒರೆಸಿದ ಒಂದು ಮುಚ್ಚಳ. "ಬೇರೆ ಯಾವುದೂ ಖಾಲಿ ಆಗ್ಲಿಲ್ಲ ಈ ವಾರ," ಎಂದರು, ತಪ್ಪು ಮಾಡಿದವರಂತೆ. ತಗಡು ಎಲ್ಲಿಗೆ, ಪ್ಲಾಸ್ಟಿಕ್ ಎಲ್ಲಿಗೆ ಎಂದು ಇಬ್ಬರೂ ಆ ಒಂದು ಮುಚ್ಚಳವನ್ನು ಮುಂದಿಟ್ಟುಕೊಂಡು ಮಾತಾಡಿದರು. ಎರಡನೇ ಕಾಫಿಯೂ ಮುಗಿಯಿತು.

ಅಪ್ಪ ಮೆಟ್ಟಿಲಿಳಿಯುತ್ತಿದ್ದಾಗ ಫೋನ್ ಬಂತು. ಅಮ್ಮ.

"ನಿಮ್ಮಪ್ಪ ಹೊರಟ್ರೇನೇ? ಎಣ್ಣೆ ಬಾಟಲಿ ಮುಚ್ಚಳ ಎಲ್ಲಿಟ್ಟಿದ್ದಾರೆ ಅಂತ ಕೇಳು. ನಿನ್ನೆ ತಾನೇ ಹೊಸದಾಗಿ ತೆಗೆದ ಬಾಟಲಿ ಕಣೇ, ಕಂಠಮಟ್ಟ ಎಣ್ಣೆ ತುಂಬ್ಕೊಂಡು ಬಾಯಿ ತೆರ್ಕೊಂಡು ಕೂತಿದೆ."