ಬೇವಿನ ಮರದ ಹಳೆಯ ಫೋಟೊ

ಶಿವಯೋಗಪ್ಪನ ಕೊಡಲಿ ಎರಡನೇ ಸಲ ಬಿದ್ದಾಗ ಮೌನೇಶನ ಫೋನು ಬದುವಿನ ಕಲ್ಲಿನ ಮೇಲೆ ಚೂರುಚೂರಾಯಿತು. ಮೊದಲ ಸಲ ಕೊಡಲಿಯ ಹಿಡಿ ಬಡಿದು ಅವನ ಬಾಯಿಂದ ಸುರಿದ ರಕ್ತ ಮೆಕ್ಕೆಜೋಳದ ಎಲೆಗೆ ಹತ್ತಿತ್ತು.

"ಗ್ರೂಪಿನ್ಯಾಗ ಹಾಕಾಕ ನನ್ನ ಹೊಲಾನ ಸಿಕ್ತೇನಲೇ?"

"ನಿಮ್ಮ ಹೆಸರ ಹಾಕಿಲ್ಲಣ್ಣಾ, ಬರೇ ಫೋಟೊ ಹಾಕೀನಿ."

ಚಿಗಟೇರಿ ಊರಿನ ಆ ವಾಟ್ಸಾಪ್ ಗ್ರೂಪಿನವರಿಗೆ ದಿನಕ್ಕೊಂದು ವಿಚಿತ್ರ ವೆಬ್‌ಸೈಟ್ ಹುಡುಕಿ ಹಂಚಿಕೊಳ್ಳುವ ಹುಚ್ಚು. ನಿನ್ನೆ ಹಕ್ಕಿಯ ಕೂಗು ಕೇಳಿ ಹೆಸರು ಹೇಳುವುದೊಂದು ಬಂದಿತ್ತು. ಇವತ್ತು ಮೌನೇಶ ಹಾಕಿದ್ದು, ಯಾವುದೇ ಹೊಲ ಹಿಂದಿನ ವರ್ಷಗಳಲ್ಲಿ ಆಕಾಶದಿಂದ ಹೇಗೆ ಕಾಣುತ್ತಿತ್ತೆಂದು ತೋರಿಸುವಂಥದ್ದು. ಮಾದರಿಗೆ ತನ್ನ ಹೊಲದ್ದೇ ಹತ್ತು ವರ್ಷದ ಹಿಂದಿನ ಫೋಟೊ ಹಾಕಿದ್ದ. ಅದರಲ್ಲಿ ಬೇವಿನ ಮರ ಮೌನೇಶನ ಹೊಲದಲ್ಲಿತ್ತು. ಈಗ ಬದು ಸರಿದು ಅದು ಪಕ್ಕದ ಶಿವಯೋಗಪ್ಪನ ಹೊಲದಲ್ಲಿದೆ.

"ಇನ್ನ ಯಾರಿಗೆ ತೋರಸ್ತಿ, ತೋರಸು!" ಎಂದು ಶಿವಯೋಗಪ್ಪ ಅವನ ಎದೆಯ ಮೇಲೆ ಕಾಲಿಟ್ಟು ಕೊಡಲಿ ಎತ್ತಿದ.

ಶಿವಯೋಗಪ್ಪನಿಗೆ ಬುತ್ತಿ ತಂದಿದ್ದ ಅವನ ಹೆಂಡತಿ ಪುಷ್ಪಲತಾ ಗಂಟು ಕೆಳಗಿಟ್ಟಳು. ಸೆರಗಿನಿಂದ ತನ್ನ ಫೋನು ಬಿಚ್ಚಿ, ಅದೇ ಕಲ್ಲಿನ ಮೇಲೆ ಇಟ್ಟಳು. ಪರದೆಯ ತುಂಬ ಅದೇ ಫೋಟೊದ ಬೇವಿನ ಮರ.

"ಮೊದಲ ಇದನ್ನ ಒಡೀರಿ," ಎಂದಳು. "ಆಮ್ಯಾಲೆ ನನ್ನ ಕಣ್ಣು ಕೀಳ್ರಿ. ನಾನೂ ಆ ಗ್ರೂಪಿನ್ಯಾಗ ಅದೀನಿ, ನಿನ್ನಿ ಆ ಹಕ್ಕೀದು ಹಾಕಿದಾಕಿ ನಾನ."